ದೋಣಿಗೆ ಹೊಡೆದ ಲಾಳ

ನಾನು ಸ್ಕ್ರೂಡ್ರೈವರ್ ಹಿಡಿದು ಹೋದ ಕಡೆಯೆಲ್ಲ ಒಂದಲ್ಲ ಒಂದು ಫಜೀತಿ ನನಗಿಂತ ಮೊದಲೇ ಹೋಗಿ ಕೂತಿರುತ್ತದೆ. ಹುಣಸೂರಿನಲ್ಲಿ ನಮ್ಮದು ರೇಡಿಯೋ ರಿಪೇರಿ ಮನೆತನ. ರೇಡಿಯೋ ಹೋಗಿ ಟಿವಿ ಬಂತು. ಟಿವಿಯನ್ನೂ ಯಾರೂ ರಿಪೇರಿ ಮಾಡಿಸದ ಕಾಲ ಬಂದಾಗ ನಾನು ಕಬಿನಿ ಹಿನ್ನೀರಿನ ದೋಣಿಗಳ ಕಡೆ ತಿರುಗಿದೆ.

ಈ ಸಲ ಸಿಕ್ಕಿದ್ದು ಬೀಚನಹಳ್ಳಿ ಹತ್ತಿರದ ಒಂದು ರೆಸಾರ್ಟಿನ ದೋಣಿ. ಚಳಿಗಾಲದ ಮಂಜಿನಲ್ಲಿ ನೀರಿನಲ್ಲಿ ನಿಂತ ಒಣಮರಗಳಿಗೆ ಗುದ್ದಬಾರದೆಂದು ಮಾಲೀಕರು ರಾಡಾರನ್ನೂ ನಕ್ಷೆ ತೋರಿಸುವ ಪರದೆಯನ್ನೂ ತರಿಸಿದ್ದರು. ಆದರೆ ದೋಣಿಯ ಮೂತಿ ಯಾವ ದಿಕ್ಕಿಗಿದೆ ಎಂದು ಗೊತ್ತಾಗದೆ ರಾಡಾರಿನ ಚಿತ್ರ ನಕ್ಷೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಅದನ್ನು ಹೇಳುವ ಪುಟ್ಟ ಪೆಟ್ಟಿಗೆಯೇ ಹೆಡಿಂಗ್ ಸೆನ್ಸರ್. ಅದನ್ನು ಎರಡಕ್ಕೂ ಜೋಡಿಸುವುದು ನನ್ನ ಕೆಲಸ. ಭಾನುವಾರ ಅತಿಥಿಗಳು ಬರುವುದರೊಳಗೆ ಆಗದಿದ್ದರೆ ಕೊಚ್ಚಿಯ ದೋಣಿ ರಿಪೇರಿಯವರನ್ನು ಕರೆಸುತ್ತೇನೆ ಎಂದು ಮಾಲೀಕರು ಮೊದಲೇ ಹೇಳಿಬಿಟ್ಟರು. ಕೊಚ್ಚಿಯವರು ಒಮ್ಮೆ ಕಾಲಿಟ್ಟರೆ ಹಿನ್ನೀರಿನಲ್ಲಿ ನನಗೆ ಇನ್ನೊಂದು ದೋಣಿ ಸಿಗುವ ಮಾತಿಲ್ಲ. ನಿಜಕ್ಕೂ ಹೆದರಿದೆ.

ಪೂರ್ವಕ್ಕೆ ಮುಖ

ಸೆನ್ಸರಿನ ಮೇಲೊಂದು ಬಾಣದ ಗುರುತಿರುತ್ತದೆ. ಅದು ದೋಣಿಯ ಮೂತಿಯ ಕಡೆಗಿರಬೇಕು. ಚಾವಣಿಯ ಹಲಗೆಯ ಮೇಲೆ ಹಾಗೇ ಕೂರಿಸಿದೆ. ಮಾಲೀಕರು ಬಂದು ನೋಡಿ, ವಾಸ್ತು ಪ್ರಕಾರ ಬಾಣ ಪೂರ್ವಕ್ಕಿರಲಿ ಎಂದರು. ದೋಣಿ ತಿರುಗಿದರೆ ಬಾಣವೂ ತಿರುಗುತ್ತದೆ ಸಾರ್ ಎಂದೆ. ಅವರು ಗಡ್ಡ ಕೆರೆದುಕೊಂಡರು.

"ಹಾಗಾದ್ರೆ ದೋಣೀನೇ ಪೂರ್ವಕ್ಕೆ ಮುಖ ಮಾಡಿ ಕಟ್ಟಿಹಾಕಿ. ಬಾಣ ನಿಮ್ಮಿಷ್ಟ."

ಮೂರಕ್ಕೆ ಒಪ್ಪದ ದೇವರು

ತಂತಿ ಜೋಡಿಸಿದ ಮೇಲೆ ದೋಣಿಯನ್ನು ನಿಂತ ನೀರಿನಲ್ಲಿ ನಿಧಾನಕ್ಕೆ ಸುತ್ತಿಸಬೇಕು. ಆಗ ಸೆನ್ಸರ್ ದಿಕ್ಕು ಕಲಿಯುತ್ತದೆ. ದೋಣಿ ಓಡಿಸುವವನು ಎನ್. ಬೇಗೂರಿನವನು, ನನಗಿಂತ ಹಿರಿಯ. ಎಡಕ್ಕೆ ಸುತ್ತಿಸಣ್ಣ ಎಂದೆ.

"ಎಡಕ್ಕೆ ಸುತ್ತೋದು ಸತ್ತೋರ್ಗೆ ಕಣ್ರೀ ಸಾಬ್ರೇ. ನಾ ಸುತ್ತಾಕಿಲ್ಲ."

ಸರಿ, ಬಲಕ್ಕೇ ಸುತ್ತು ಎಂದೆ. ಭಕ್ತಿಯಿಂದ ಮೂರು ಸುತ್ತು ಹಾಕಿದ. ಹಾಕಿ ಇಂಜಿನ್ ನಿಲ್ಲಿಸಿ ಪೆಟ್ಟಿಗೆಗೆ ಕೈ ಮುಗಿದ. ಯಂತ್ರ ಇನ್ನೂ ಸಾಕು ಅಂದಿಲ್ಲ, ಸುತ್ತಬೇಕು ಎಂದೆ. ಅವನು ನನ್ನನ್ನೇ ಕನಿಕರದಿಂದ ನೋಡಿದ.

"ಇದ್ಯಾವ ದೇವ್ರು ಸಾಬ್ರೇ, ಮೂರು ಸುತ್ತಿಗೂ ಒಪ್ಪದೇ ಇರೋದು?"

ದೃಷ್ಟಿ

ಹೇಗೋ ಒಪ್ಪಿಸಿ ಇನ್ನಷ್ಟು ಸುತ್ತು ಹಾಕಿಸಿದೆ, ಶನಿವಾರ ಸಂಜೆ ಎಲ್ಲ ಸರಿಯಿತ್ತು. ಭಾನುವಾರ ಬೆಳಿಗ್ಗೆ ಪರೀಕ್ಷೆಗೆಂದು ಮಾಲೀಕರೇ ದೋಣಿ ಹತ್ತಿದರು. ನಾವು ನೆಟ್ಟಗೆ ಹೋಗುತ್ತಿದ್ದೆವು, ಪರದೆಯಲ್ಲಿ ಮಾತ್ರ ದೋಣಿ ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಿತ್ತು. ರಾಡಾರ್ ಕಂಡ ದಂಡೆ ನಕ್ಷೆಯ ನೀರಿನೊಳಗೆ ಇಳಿದಿತ್ತು. ಮಾಲೀಕರು ಕೊಚ್ಚಿಗೆ ಹಚ್ಚಲು ಜೇಬಿನಿಂದ ಫೋನ್ ತೆಗೆದರು.

ಸೆನ್ಸರಿನೊಳಗಿರುವುದು ದಿಕ್ಸೂಚಿ, ಹತ್ತಿರದಲ್ಲಿ ಕಬ್ಬಿಣ ಇದ್ದರೆ ಅದಕ್ಕೆ ತಲೆ ಕೆಡುತ್ತದೆ. ಲಂಗರು, ಟೂಲ್ ಬಾಕ್ಸ್ ಎಲ್ಲ ದೂರ ಸಾಗಿಸಿದೆ. ಏಡಿ ಏಡಿಯೇ. ಕೊನೆಗೆ ಚಾವಣಿಯ ಕೆಳಗೆ ತಲೆ ತೂರಿಸಿ ನೋಡಿದರೆ, ಸೆನ್ಸರಿಗೆ ಸರಿಯಾಗಿ ಕೆಳಗೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡ ಕುದುರೆ ಲಾಳ.

"ಪೆಟ್ಗೆಗೆ ಕಣ್ ಬೀಳಬಾರ್ದು ಅಂತ ಬೆಳಿಗ್ಗೆ ನಾನೇ ಹೊಡ್ದೆ," ಎಂದ ದೋಣಿಯಣ್ಣ.

ಕೀಳು ಎಂದೆ. ಹೊಡೆದ ಲಾಳ ಕೀಳಬಾರದು ಎಂದ. ಕಬ್ಬಿಣ ಬೇಡ, ಹಿತ್ತಾಳೆಯಲ್ಲಿ ಮಾಡಿಸಿಕೊಡುತ್ತೇನೆ ಎಂದೆ.

"ಇತ್ತಾಳೆ ಲಾಳ ಆಕಿರೋ ಕುದ್ರೆ ಎಲ್ಲಾದ್ರೂ ಕಂಡಿದ್ದೀರಾ ಸಾಬ್ರೇ?"

ಓದಿದವರು, ನ್ಯಾಯ ಹೇಳಿಯಾರು ಎಂದು ಮಾಲೀಕರ ಕಡೆ ನೋಡಿದೆ. ಅವರು ಫೋನ್ ಜೇಬಿಗಿಟ್ಟು, ಲಾಳಕ್ಕೆ ನಮಸ್ಕಾರ ಹಾಕಿ, ಸೆನ್ಸರನ್ನು ಬೇರೆ ಕಡೆ ಹಾಕಿ ಎಂದರು. ಹಾಕಿದೆ. ಮತ್ತೆ ಬಲಕ್ಕೇ ಸುತ್ತಿದೆವು. ಚಿತ್ರ ನಕ್ಷೆಯ ಮೇಲೆ ಅಚ್ಚುಕಟ್ಟಾಗಿ ಕೂತಿತು. ಅತಿಥಿಗಳು ಬಂದಾಗ ಮಾಲೀಕರು ಪರದೆ ತೋರಿಸಿ, ಇದು ದಾರಿಗೆ ಬಂದಿದ್ದೇ ಲಾಳ ಹೊಡೆದ ಮೇಲೆ ಎಂದು ಎಲ್ಲರಿಗೂ ಹೇಳಿದರು.

ಕೊಚ್ಚಿಯವರು ಬರಲಿಲ್ಲ. ಮುಂದಿನ ವಾರವೇ ಪಕ್ಕದ ರೆಸಾರ್ಟಿನವರ ಫೋನ್ ಬಂತು.

"ನಮ್ ದೋಣಿಗೂ ನೀವೇ ಬರ್ಬೇಕು ಸಾಬ್ರೇ. ಸೆನ್ಸರ್ ನಾವು ತರಿಸ್ಕೋತೀವಿ. ಲಾಳ ಮಾತ್ರ ನೀವೇ ತನ್ನಿ."