ಭಾವನ ಕಾಲಿಗೆ ತಂತಿ

ಕಾಲಿಗೆ ಚಪ್ಪಲಿ ಕೊಳ್ಳುವವರನ್ನು ನೀವು ನೋಡಿದ್ದೀರಿ. ಕಾಲಿಗೆ ತಂಬೂರಿಯ ಗವಸು ಹೊಲಿಸಿದವರನ್ನು ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ನಮ್ಮ ಅಕ್ಕ ಅವರನ್ನೇ ಮದುವೆಯಾಗಿದ್ದಾಳಲ್ಲ!

ಸಕ್ಕರೆ ಕಾಯಿಲೆಯಿಂದ ಭಾವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ಆರು ವರ್ಷವಾಯಿತು. ಅದರ ಜಾಗಕ್ಕೆ ಬಂದ ಪ್ಲಾಸ್ಟಿಕ್ ಕಾಲಿಗೆ ಈ ಮಹಾನುಭಾವರು ಮಿರಜದಿಂದ ತಂತಿ ತರಿಸಿ, ಬಿಗಿಯಲು ಬಿರಡೆ ಕೂರಿಸಿ, ಅದನ್ನೇ ತಂಬೂರಿ ಮಾಡಿಬಿಟ್ಟರು.

“ಭಾವಾ, ಇನ್ನ ನಡ್ಯೂದು ಹ್ಯಾಂಗ?”

“ನೀ ಅದೀಯಲ್ಲೋ ತಮ್ಮಾ!”

ಅಂದಿನಿಂದ ನನ್ನ ಬಲಭುಜವೇ ಅವರ ಎಡಗಾಲು. ಚಿಂತೆ ಹೊರುವುದು ನನ್ನ ಹಳೇ ಉದ್ಯೋಗ. ಈಗ ಭಾವನನ್ನೂ ಹೊತ್ತೆ. ಅವರು ಬಿದ್ದರೆ? ಅವರಿಗಿಂತ ಮೊದಲು ನಾನೇ ಬಿದ್ದರೆ?

ಒಂದು ದಿನ ಸಾಕಾಗಿ ಕೇಳಿಯೇಬಿಟ್ಟೆ, “ಯಾಕ ಬೇಕಿತ್ರಿ ಇದು?”

ಭಾವ ದನಿ ತಗ್ಗಿಸಿದರು. “ನಿಮ್ಮಕ್ಕ ಆ ಕಾಲ ಒಮ್ಮೆನೂ ಮುಟ್ಟಿಲ್ಲೋ. ನಾ ಹಾಕ್ಕೊಳ್ಳುವಾಗ ಎದ್ದ ಹೊರಗ ಹೋಗ್ತಿದ್ಲು. ಭಜನ್ಯಾಗ ತಂಬೂರಿ ಹಿಡಿಯಾಕಿ ಆಕಿ. ತಂಬೂರಿ ಆದ್ರರ ಮುಟ್ಯಾಳು.”

ಮುಟ್ಟಲಿಲ್ಲ. “ಹುಚ್ಚ ಹಿಡದೈತಿ ಇವ್ರಿಗೆ,” ಎಂದು ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಜತ್ತದ ಚಿತ್ರಕಲಾ ಮಾಸ್ತರರೊಬ್ಬರು ಸುದ್ದಿ ಕೇಳಿ, ಊನಗೊಂಡ ದೇಹ ಮತ್ತು ವಾದ್ಯಗಳ ಕಲಾಪ್ರದರ್ಶನಕ್ಕೆ ಕಾಲನ್ನು ಆಹ್ವಾನಿಸಿದರು. ನಮ್ಮನ್ನಲ್ಲ, ಕಾಲನ್ನು! ನಮ್ಮೂರು ಸಂಖದಲ್ಲಿ ಬಸ್ಸು ಹತ್ತಿದೆವು. ಅಕ್ಕ ಬಂದದ್ದು ಗಂಡನಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಲು ಮಾತ್ರ. ಹಾಗೆಂದು ಎರಡು ಸಲ ಹೇಳಿದಳು.

“ಇದೇನ್ರಿ ಕಾಕಾ, ಲಗೇಜಾ?” ಕಂಡಕ್ಟರ್ ಕೇಳಿದ.

“ನನ್ನ ಕಾಲರಿ. ನನ್ನ ತಿಕೀಟನ್ಯಾಗ ಬರ್ತೈತಿ.”

ಕಿಟಕಿಯ ಪಕ್ಕ ಕಾಲು ಕೂತಿತು, ಅದರ ಪಕ್ಕ ಭಾವ, ಹಿಂದಿನ ಸೀಟಿನಲ್ಲಿ ಅಕ್ಕ. ಎರಡೂ ಕಾಲು ನೆಟ್ಟಗಿರುವ ನಾನು ಜತ್ತದ ತನಕ ನಿಂತೇ ಬಂದೆ!

ಪ್ರದರ್ಶನಕ್ಕೆ ಬಂದವರೆಲ್ಲ ತಂತಿ ಮೀಟಿದರು. ಮೀಟಿ ಮೀಟಿ ಶ್ರುತಿ ಇಳಿಯಿತು. ಭಾವ ಕುರ್ಚಿಯಲ್ಲಿ ಕೂತು ನಗುತ್ತಲೇ ಇದ್ದರು. ಕಣ್ಣು ಮಾತ್ರ ಬಾಗಿಲಲ್ಲಿ ನಿಂತ ಅಕ್ಕನ ಮೇಲೆ. ಯಾರೋ ಮತ್ತೊಮ್ಮೆ ಮೀಟಿದರು. ಅಕ್ಕ ಮುಖ ಸಿಂಡರಿಸಿದಳು.

“ಏ, ಎಷ್ಟ ಬೇಸೂರ ಆಗೈತಿ! ಸರೀರಿ ಅತ್ತಾಗ.”

ಬಂದವಳೇ ನೆಲಕ್ಕೆ ಕೂತು, ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಬಿರಡೆ ತಿರುವಿದಳು. ತಂತಿ ಕಿರ್ರೆಂದಿತು. ಅವಳ ಕೈ ತಟ್ಟನೆ ನಿಂತಿತು. ತಲೆಯೆತ್ತಿ ಗಂಡನನ್ನು ನೋಡಿದಳು.

“ನೋವಾತೇನ್ರಿ?”

ಭಾವ ಇಲ್ಲವೆಂದು ತಲೆಯಾಡಿಸಿ, ನನ್ನ ಭುಜ ಹಿಡಿದು ಕುರ್ಚಿಯಿಂದಿಳಿದು, ಅವಳ ಪಕ್ಕ ನೆಲಕ್ಕೆ ಕೂತರು.