ಹೋಳು ಟಿಕೆಟ್ಟಿನ ದಿಬ್ಬಣ

ಒಂಬತ್ತು ಜನ ಕನ್ನಡಿಗರು ಒಟ್ಟಿಗೆ ಎಲ್ಲಿಗಾದರೂ ಹೊರಟರೆ ಏನಾದರೊಂದು ಆಗದೆ ಇರುವುದಿಲ್ಲ. ಏನೂ ಆಗದೆ ತಲುಪಿಬಿಟ್ಟರೆ ತಪ್ಪು ಊರಿಗೆ ಬಂದೆವೇನೋ ಅಂತ ನನಗೇ ಅನುಮಾನ ಬರುತ್ತದೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಲಾರಿ, ಹಡಗಿನ ಅಡುಗೆಮನೆ, ಹೋಟೆಲು ಅಂತ ಸುತ್ತಿ ಈಗ ಜರ್ಮನಿಯ ಹ್ಯಾನೋವರಿನಲ್ಲಿ ಪಾರ್ಸಲ್ ವ್ಯಾನ್ ಓಡಿಸುತ್ತೇನೆ. ಒಂದೇ ಕಡೆ ಜಾಸ್ತಿ ದಿನ ಕೂತರೆ ಅಂಗಾಲು ಕೆರೆಯುತ್ತದೆ. ಅದಕ್ಕೇ ಇಲ್ಲಿನ ನಮ್ಮವರು ಎಲ್ಲಿಗೆ ಹೊರಟರೂ "ಅವನನ್ನೂ ಕರೀರಿ, ಪೆಟ್ಟಿಗೆ ಎತ್ತೋಕೆ ಆಗ್ತಾನೆ" ಅನ್ನುತ್ತಾರೆ.

ಈ ಸಲದ್ದು ಮದುವೆ ದಿಬ್ಬಣ. ಹುಡುಗ ಹ್ಯಾನೋವರಿನಲ್ಲಿ ಎಂಜಿನಿಯರು, ನನ್ನ ಪಕ್ಕದ ಮನೆಯವನು. ಹುಡುಗಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಡಾಕ್ಟರು. ಭಾನುವಾರ ಅಲ್ಲಿ ಮುಹೂರ್ತ, ಹಿಂದಿನ ದಿನ ಸಂಜೆ ವರಪೂಜೆ. ಹುಡುಗನ ತಾಯಿ ಮೈಸೂರಿನಿಂದ ನೇರವಾಗಿ ಅಲ್ಲಿಗೇ ಹೋಗಿದ್ದರು. ತಂದೆ ಇಲ್ಲ. ತಂದೆಯ ಜಾಗದಲ್ಲಿ ನಿಲ್ಲಬೇಕಾದವರು ಅವನ ದೊಡ್ಡಪ್ಪ. ಮೂವತ್ತು ವರ್ಷದಿಂದ ಜರ್ಮನಿಯಲ್ಲಿರುವವರು.

"ಶನಿವಾರ ಸಂಜೆಯೊಳಗೆ ನಾನೂ ದೊಡ್ಡಪ್ಪನೂ ಆ ಊರಲ್ಲಿರಬೇಕು ಗುರು. ಉಳಿದಿದ್ದು ಹೇಗಾದ್ರೂ ಆಗ್ಲಿ" ಅಂದಿದ್ದ ಹುಡುಗ.

ಉಳಿದದ್ದು ಹೇಗಾದರೂ ಆಯಿತು.

೧. ಅಂಗೈಯಷ್ಟು ದೇಶ

ಮೊದಲ ತಪ್ಪು ಅಗ್ಗದ ವಿಮಾನದ್ದು. ಹ್ಯಾನೋವರಿನಿಂದ ಲಂಡನ್ನಿಗೆ ಬಿಟ್ಟಿ ಅನ್ನುವ ಹಾಗೆ ಟಿಕೆಟ್ಟು ಸಿಗುತ್ತಿದೆ ಅಂತ ದೊಡ್ಡಮ್ಮನಿಗೆ ಯಾರೋ ಹೇಳಿದರು. ಅವರು ಯಾರನ್ನೂ ಕೇಳದೆ ಒಂಬತ್ತೂ ಜನಕ್ಕೆ ಕೊಂಡೇಬಿಟ್ಟರು: ಅವರಿಬ್ಬರು, ಹುಡುಗ, ಹುಡುಗನ ಐದು ಜನ ಗೆಳೆಯರು, ನಾನು.

"ಮದುವೆ ಎಡಿನ್‌ಬರೋದಲ್ಲಲ್ವಾ ದೊಡ್ಡಮ್ಮ?" ಅಂದ ಹುಡುಗ.

"ಎರಡೂ ಒಂದೇ ದೇಶ ತಾನೇ? ಇಳಿದು ಹೋದ್ರಾಯ್ತು."

ದೊಡ್ಡಪ್ಪ ಫೋನಿನಲ್ಲಿ ಭೂಪಟ ತೆಗೆದು ತೋರಿಸಿದರು. "ನೋಡು, ಅಂಗೈಯಷ್ಟು ದೇಶ. ಇಲ್ಲಿಂದ ಇಲ್ಲಿಗೆ ಮೈಸೂರಿಂದ ನಂಜನಗೂಡಿಗೆ ಹೋದ ಹಾಗೆ."

ಹುಡುಗ ಲ್ಯಾಪ್‌ಟಾಪಿನಲ್ಲಿ ಹುಡುಕಿದ. ಮುಖ ಸಪ್ಪಗಾಯಿತು. "ದೊಡ್ಡಪ್ಪ, ಇದು ಬೆಂಗಳೂರಿಂದ ಹೈದರಾಬಾದಿಗಿಂತ ದೂರ. ಇಲ್ಲಿಂದ ಲಂಡನ್ನಿಗೆ ಹಾರೋದಕ್ಕಿಂತ ಅಲ್ಲಿಂದ ರೈಲಿಗೆ ದುಡ್ಡು ಜಾಸ್ತಿ."

"ಲೋಕಲ್ ಟ್ರೇನುಗಳಲ್ಲಿ ಬದಲಾಯಿಸ್ಕೊಂಡು ಹೋಗೋಣ. ನಮ್ಮ ತಿಂಗಳ ಪಾಸಿದೆಯಲ್ಲ?"

"ಅದು ಜರ್ಮನಿಗೆ ಮಾತ್ರ ದೊಡ್ಡಪ್ಪ. ಅಲ್ಲಿ ಅದನ್ನ ತೋರಿಸಿದ್ರೆ ಬುಕ್‌ಮಾರ್ಕ್ ಅನ್ಕೋತಾರೆ."

ದೊಡ್ಡಪ್ಪನಿಗೆ ನಂಬಿಕೆ ಬರಲಿಲ್ಲ. ಕನ್ನಡಕ ಏರಿಸಿ, ಎರಡು ಬೆರಳಿನಲ್ಲಿ ಭೂಪಟವನ್ನು ಹಿಗ್ಗಿಸುತ್ತ ಹೋದರು. ಲಂಡನ್ ಕೆಳಗೆ ಜಾರಿ ಮಾಯವಾಯಿತು, ಎಡಿನ್‌ಬರೋ ಮೇಲೆ ಹಾರಿಹೋಯಿತು. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ದೊಡ್ಡಮ್ಮ ಅವರ ಕೈಗೆ ಪಟ್ಟನೆ ಒಂದು ಕೊಟ್ಟರು.

"ರೀ, ಅದನ್ನ ಎಳೀಬೇಡಿ! ನೀವು ಎಳೆದಷ್ಟೂ ದೂರ ಆಗ್ತಿದೆ."

೨. ಕಾಸೋ, ಹೊತ್ತೋ

ಮುಂದಿನ ವಾರ ದೊಡ್ಡಮ್ಮನ ಮನೆಯಲ್ಲಿ ಸಭೆ. ಉಪ್ಪಿಟ್ಟು, ಕಾಫಿ, ಮಧ್ಯೆ ಹುಡುಗನ ಲ್ಯಾಪ್‌ಟಾಪು. ಕಾಸು ಉಳಿಸಬೇಕೋ ಹೊತ್ತು ಉಳಿಸಬೇಕೋ ಅನ್ನುವುದೇ ವಿಷಯ. ಎರಡೂ ಉಳಿಯಬೇಕು ಅಂತ ಎಲ್ಲರೂ ಒಪ್ಪಿದ್ದರಿಂದ ಸಭೆ ಮುಗಿಯುವ ಲಕ್ಷಣವೇ ಇರಲಿಲ್ಲ.

ಎಲ್ಲಕ್ಕಿಂತ ಅಗ್ಗ ರಾತ್ರಿ ಬಸ್ಸು. ಇಡೀ ರಾತ್ರಿ ಕೂತಿರಬೇಕು. "ನನ್ನ ಬೆನ್ನು ಒಂದು ಊರಲ್ಲಿ ಇಳಿಯುತ್ತೆ, ಸೊಂಟ ಇನ್ನೊಂದು ಊರಲ್ಲಿ" ಅಂದರು ದೊಡ್ಡಪ್ಪ. ಬಸ್ಸು ಬಿದ್ದುಹೋಯಿತು.

ಇನ್ನೊಂದು ವಿಮಾನ ಹತ್ತಿದರೆ ಒಂದು ಗಂಟೆ ಚಿಲ್ಲರೆ. ಆದರೆ ನಿಲ್ದಾಣಕ್ಕೆ ಹೋಗುವ ಹೊತ್ತು, ಬೆಲ್ಟು ಬಿಚ್ಚುವ ಹೊತ್ತು, ಕಾಯುವ ಹೊತ್ತು ಎಲ್ಲ ಕೂಡಿಸಿದರೆ ರೈಲಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಮೇಲೆ ಪೆಟ್ಟಿಗೆಗೆ ಬೇರೆ ದುಡ್ಡು.

"ಮನುಷ್ಯರಿಗಿಂತ ಪೆಟ್ಟಿಗೆಗೇ ಜಾಸ್ತಿ ದೊಡ್ಡಮ್ಮ" ಅಂದ ಹುಡುಗ.

"ಹಾಗಾದ್ರೆ ಪೆಟ್ಟಿಗೇನೂ ಮನುಷ್ಯ ಅಂತಲೇ ಬುಕ್ ಮಾಡು. ನನ್ನ ಪಕ್ಕ ಕೂತಿರುತ್ತೆ. ಗೊರಕೆ ಹೊಡೆಯಲ್ಲ, ನಿಮ್ಮ ದೊಡ್ಡಪ್ಪನಿಗಿಂತ ವಾಸಿ."

ಆಗ ನಾನು ಬಾಯಿ ಹಾಕಿದೆ. "ಲಂಡನ್ನಲ್ಲಿ ಒಂಬತ್ತು ಸೀಟಿನ ವ್ಯಾನು ಬಾಡಿಗೆಗೆ ಹಿಡಿಯೋಣ. ನಾನೇ ಓಡಿಸ್ತೀನಿ. ಕಾಸೂ ಕಡಿಮೆ, ಬೇಕಾದಾಗ ನಿಲ್ಲಿಸ್ಕೊಂಡು ಟೀ ಕುಡೀಬಹುದು."

ಎಲ್ಲರಿಗೂ ಹಿಡಿಸಿತು. ದೊಡ್ಡಪ್ಪ ಮಾತ್ರ ಕಾಫಿ ಲೋಟ ಕೆಳಗಿಟ್ಟು, "ಅಲ್ಲಿ ರಸ್ತೆಯ ಎಡಗಡೆ ಓಡಿಸಬೇಕು. ನೀನು ಇಲ್ಲಿ ಇಷ್ಟು ವರ್ಷ ಬಲಗಡೆ ಓಡಿಸಿ ರೂಢಿ" ಅಂದರು.

ದೊಡ್ಡಮ್ಮ ನನ್ನ ಪರ ವಹಿಸಿದರು. "ಅದೇನ್ರೀ ಹಾಗಂತೀರಿ? ಅವನು ಊರಲ್ಲಿ ಲಾರಿ ಓಡಿಸಿದ್ದು ಎಡಗಡೆ ತಾನೇ? ಹೇಳಪ್ಪ."

ಮದುವೆ ವಿಷಯದಲ್ಲಿ ಸುಳ್ಳು ಹೇಳಬಾರದು ಅಂತ ನಿಜ ಹೇಳಿದೆ. "ಎಡಗಡೆ ಅಂತ ಏನಿಲ್ಲ ದೊಡ್ಡಮ್ಮ. ಗುಂಡಿ ಇಲ್ಲದ ಕಡೆ ಓಡಿಸ್ತಿದ್ದೆ."

ಆ ಕ್ಷಣವೇ ರೈಲು ಅಂತ ತೀರ್ಮಾನವಾಯಿತು.

೩. ಮೊದಲು ಹೊರಟ ಚೀಲ

ರೈಲಿಗೂ ಅಲ್ಲಿ ಹೊತ್ತಿಗೊಂದು ದರ. ಬೆಳಿಗ್ಗೆ ಬೇಗ ಹೊರಡುವುದು ದುಬಾರಿ, ಮಧ್ಯಾಹ್ನದ್ದು ಹಿಡಿದರೆ ವರಪೂಜೆ ತಪ್ಪುತ್ತದೆ. ಕಾಸಿಗೂ ಹೊತ್ತಿಗೂ ಹೊಂದುವುದು ಒಂದೇ ಗಾಡಿ, ಹತ್ತು ಗಂಟೆಯದು. ಹುಡುಗ ಕುಣಿದಾಡಿಬಿಟ್ಟ. ದೊಡ್ಡಮ್ಮ ಗೋಡೆಯ ಕ್ಯಾಲೆಂಡರ್ ನೋಡಿ, "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ದಿಬ್ಬಣ ಹೊರಡೋ ಹಾಗಿಲ್ಲ" ಅಂದರು.

"ಅದು ಊರಿನ ರಾಹುಕಾಲ ದೊಡ್ಡಮ್ಮ. ಅಲ್ಲಿ ಸೂರ್ಯ ಹುಟ್ಟೋ ಹೊತ್ತೇ ಬೇರೆ" ಅಂತ ಹುಡುಗ ವಾದಿಸಿದ.

"ಲಂಡನ್ನಲ್ಲಿ ಸೂರ್ಯ ಹುಟ್ಟಿದ್ದನ್ನ ಯಾರು ಕಂಡಿದ್ದಾರೆ?"

ಕೊನೆಗೆ ದಾರಿ ಹುಡುಕಿದವರೂ ಅವರೇ. ಅವರ ತವರಿನಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇದೆ. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲೇ ಒಂದು ಚೀಲವನ್ನು ಹೊಸಿಲಿನಿಂದ ಆಚೆ ಇಟ್ಟುಬಿಡುವುದು. ಚೀಲ ಹೊರಟರೆ ನಾವೂ ಹೊರಟ ಲೆಕ್ಕ. ರಾಹು ಬಂದು ನೋಡಿದರೆ, ಇವರಾಗಲೇ ಹೋದರು ಅಂದುಕೊಂಡು ವಾಪಸು ಹೋಗಬೇಕು.

ಶುಕ್ರವಾರ ರಾತ್ರಿ ಲಂಡನ್ನಿನ ಸಣ್ಣ ಹೋಟೆಲೊಂದರಲ್ಲಿ ಉಳಿದೆವು. ಶನಿವಾರ ಬೆಳಿಗ್ಗೆ ಏಳಕ್ಕೆ ದೊಡ್ಡಮ್ಮ ಎರಡು ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮ ಇದ್ದ ಕೈಚೀಲವನ್ನು ಹೋಟೆಲಿನ ಬಾಗಿಲಾಚೆ ಪೂರ್ವಕ್ಕೆ ಮುಖ ಮಾಡಿ ಇಟ್ಟು ಬಂದರು. ನಾವು ನಿಶ್ಚಿಂತೆಯಿಂದ ತಿಂಡಿಗೆ ಕೂತೆವು.

ಬ್ರೆಡ್ಡು ಮುಗಿಸಿ ಹೊರಗೆ ಬಂದರೆ ಯಾರೂ ದಾಟದ ಹಾಗೆ ಬೀದಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದಾರೆ. ಇಬ್ಬರು ಪೊಲೀಸರು. ವಾರಸುದಾರರಿಲ್ಲದ ಚೀಲ, ಒಳಗೆ ದುಂಡಗೆ ಎರಡು ವಸ್ತು ಇವೆ ಅಂತ ಒಬ್ಬ ವಯರ್‌ಲೆಸ್ಸಿನಲ್ಲಿ ಹೇಳುತ್ತಿದ್ದ. ಹುಡುಗ ಬೆವೆತುಹೋದ. "ಮುಗೀತು ಗುರು. ನನ್ನ ವರಪೂಜೆ ಪೊಲೀಸ್ ಸ್ಟೇಷನ್ನಿನಲ್ಲಿ."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಹೋದರು. ಚೀಲ ತಮ್ಮದೇ ಅಂದರು. ಇಲ್ಲಿ ಯಾಕೆ ಬಿಟ್ಟು ಹೋದಿರಿ ಅಂತ ಹಿರಿಯ ಪೊಲೀಸಿನವನು ಕೇಳಿದ.

"ಬಿಟ್ಟು ಹೋಗಿಲ್ಲ. ಅದು ಏಳಕ್ಕೇ ಎಡಿನ್‌ಬರೋಗೆ ಹೊರಟಿದೆ. ನಾವು ಹತ್ತಕ್ಕೆ ಹೊರಡ್ತೀವಿ" ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು.

ಅವನು ಚೀಲ ನೋಡಿದ, ದೊಡ್ಡಮ್ಮನನ್ನು ನೋಡಿದ. "ಮೇಡಂ, ಅದು ಇಲ್ಲೇ ಇದೆಯಲ್ಲ?"

"ಹೌದು. ನಮಗೋಸ್ಕರ ಕಾಯ್ತಿದೆ."

ಚೀಲ ಬಿಚ್ಚಿಸಿದರು. ತೆಂಗಿನಕಾಯಿಯ ಜುಟ್ಟು ಹಿಡಿದೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಆಮೇಲೆ ಪಟ್ಟಿ ಬಿಚ್ಚಿದರು. ನಮಗೆಲ್ಲ ಹೋದ ಜೀವ ಬಂತು. ಆ ಹಿರಿಯನು ಚೀಲವನ್ನು ಎರಡೂ ಕೈಯಲ್ಲಿ ದೊಡ್ಡಮ್ಮನಿಗೆ ಒಪ್ಪಿಸಿ, ನಮ್ಮ ಕಡೆ ತಿರುಗಿಯೂ ನೋಡದೆ, ಚೀಲಕ್ಕೆ ಮಾತ್ರ "ಶುಭ ಪ್ರಯಾಣ" ಹೇಳಿ ಹೋದ.

೪. ಇಳಿದು ಹತ್ತುವ ಕಾನೂನು

ಇಷ್ಟಾದರೂ ರೈಲು ಸಿಕ್ಕಿತು. ಈ ರೈಲಿನ ಟಿಕೆಟ್ಟನ್ನು ಹುಡುಗ ಇನ್ನೂ ಅಗ್ಗ ಮಾಡಿದ್ದ. ಅಲ್ಲಿ ಒಂದು ವಿಚಿತ್ರವಿದೆ. ಲಂಡನ್ನಿನಿಂದ ಎಡಿನ್‌ಬರೋವರೆಗೆ ಒಂದೇ ಟಿಕೆಟ್ಟು ಕೊಳ್ಳುವ ಬದಲು ಯಾರ್ಕ್‌ವರೆಗೆ ಒಂದು, ಅಲ್ಲಿಂದ ನ್ಯೂಕ್ಯಾಸಲ್‌ವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಅಂತ ಹೋಳು ಹೋಳಾಗಿ ಕೊಂಡರೆ ಕಡಿಮೆ ಬೀಳುತ್ತದೆ. ಅದೇ ರೈಲು, ಅದೇ ಸೀಟು. ಗಾಡಿ ಆ ಊರುಗಳಲ್ಲಿ ನಿಂತರೆ ಸಾಕು, ನಾವು ಕದಲಬೇಕಾಗಿಲ್ಲ. ಎಲ್ಲರ ಕೈಗೂ ಮೂರು ಮೂರು ಚೀಟಿ ಕೊಟ್ಟ.

ದೊಡ್ಡಪ್ಪ ಮೂರನ್ನೂ ತಿರುಗಿಸಿ ಮುರುಗಿಸಿ ನೋಡಿ ಜೇಬಿಗಿಟ್ಟುಕೊಂಡರು. ಅವರು ಹೇಗೆ ಅಂದರೆ, ಹ್ಯಾನೋವರಿನಲ್ಲಿ ನಡುರಾತ್ರಿ ನಾಯಿಯೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ಕೈಕಟ್ಟಿ ನಿಲ್ಲುವವರು.

ಯಾರ್ಕ್ ಬಂತು. ದೊಡ್ಡಪ್ಪ ಎದ್ದು ಬಾಗಿಲ ಕಡೆ ಹೋದರು. ಕಾಲು ಆಡಿಸಲು ಹೋದರೇನೋ ಅಂದುಕೊಂಡೆ. ಕಿಟಕಿಯಲ್ಲಿ ನೋಡಿದರೆ ಪ್ಲಾಟ್‌ಫಾರ್ಮಿನ ಮೇಲಿದ್ದಾರೆ! ಹಳೆಯ ಟಿಕೆಟ್ಟನ್ನು ಒಂದು ಜೇಬಿಗೆ ಹಾಕಿ, ಹೊಸದನ್ನು ಇನ್ನೊಂದು ಜೇಬಿನಿಂದ ತೆಗೆದು, ಕನ್ನಡಕ ಹಾಕಿಕೊಂಡು ಓದುತ್ತಿದ್ದಾರೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಡಿ ಹೊರಟಿತು. ದೊಡ್ಡಪ್ಪ ಗಾಡಿಯನ್ನೂ ನಮ್ಮನ್ನೂ ಟಿಕೆಟ್ಟನ್ನೂ ಸರದಿಯ ಮೇಲೆ ನೋಡುತ್ತ ಚಿಕ್ಕದಾಗುತ್ತ ಹೋದರು.

ಹುಡುಗ ಫೋನು ಮಾಡಿದ. "ದೊಡ್ಡಪ್ಪ! ಯಾಕೆ ಇಳಿದ್ರಿ?"

"ಟಿಕೆಟ್ಟು ಯಾರ್ಕ್‌ವರೆಗೆ ಅಂತ ಬರೆದಿತ್ತು ಕಣೋ. ಇಳಿದು ಹೊಸ ಟಿಕೆಟ್ಟಲ್ಲಿ ಹತ್ತೋದು ಕಾನೂನು. ಕೂತೇ ಇದ್ರೆ ಶ್ವಾರ್ತ್ಸ್‌ಫಾರೆನ್." ಟಿಕೆಟ್ಟಿಲ್ಲದೆ ಹೋಗುವುದಕ್ಕೆ ಜರ್ಮನಿಯವರು ಇಟ್ಟಿರುವ ಹೆಸರದು. ಅದನ್ನು ಹೇಳುವಾಗ ದೊಡ್ಡಪ್ಪನ ದನಿ ಕೊಲೆಯ ಸುದ್ದಿ ಹೇಳುವಾಗಿನ ಹಾಗಿರುತ್ತದೆ. "ಹೆದರಬೇಡ. ಇಲ್ಲಿನವರು ಒಳ್ಳೆಯವರು. ನಕ್ಕು, ಮುಂದಿನ ಗಾಡಿಗೆ ಹತ್ತಿಸ್ತೀವಿ ಅಂದಿದ್ದಾರೆ."

ಹುಡುಗ ತಲೆ ಹಿಡಿದು ಕೂತ. ಮುಂದಿನ ಗಾಡಿ ತಡವಾದರೆ ತಂದೆಯ ಜಾಗದಲ್ಲಿ ಯಾರು? ದೊಡ್ಡಮ್ಮ ಮಾತೇ ಆಡಲಿಲ್ಲ. ಅವರು ಮಾತಾಡದೆ ಇದ್ದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ದೇವರು ದೊಡ್ಡವನು, ನ್ಯೂಕ್ಯಾಸಲ್ಲಿನಲ್ಲಿ ನಮ್ಮ ಗಾಡಿ ಕೆಟ್ಟಿತು. ಎಲ್ಲರೂ ಇಳಿದು ಹಿಂದಿನಿಂದ ಬರುವ ಗಾಡಿ ಹತ್ತಿ ಅಂದರು. ಗಾಡಿ ಕೆಟ್ಟಿದ್ದಕ್ಕೆ ಕೈಮುಗಿದ ಪ್ರಯಾಣಿಕರು ಅಲ್ಲಿ ನಾವೇ ಇರಬೇಕು. ಹಿಂದಿನ ಗಾಡಿಯೆಂದರೆ ದೊಡ್ಡಪ್ಪನ ಗಾಡಿಯೇ!

ಅದು ಬಂದು ನಿಂತಿತು. ಬಾಗಿಲು ತೆರೆಯಿತು. ನಾವು ಪೆಟ್ಟಿಗೆ ಸಮೇತ ನುಗ್ಗಿದರೆ ಎದುರಿಗೆ ಯಾರೋ ಅಡ್ಡ ನಿಂತು ನಮ್ಮನ್ನು ಹೊರಕ್ಕೆ ತಳ್ಳುತ್ತಿದ್ದಾರೆ.

"ಮೊದಲು ಇಳಿಯೋರಿಗೆ ದಾರಿ ಬಿಡಿ!"

ದೊಡ್ಡಪ್ಪ. ಕೈಯಲ್ಲಿ ಮೂರನೇ ಟಿಕೆಟ್ಟು.

ದೊಡ್ಡಮ್ಮನಿಗೆ ಮಾತು ಮರಳಿ ಬಂತು. ಕೈಚೀಲವನ್ನು ಗಂಡನ ಎದೆಗೆ ಒತ್ತಿ ಒಳಕ್ಕೆ ನೂಕಿಕೊಂಡು ಹೋದರು. ಕಿಟಕಿಯ ಪಕ್ಕದ ಸೀಟಿನಲ್ಲಿ ಕುಕ್ಕಿದರು. "ನಾನು ಹೇಳೋವರೆಗೂ ಇಲ್ಲಿಂದ ಎದ್ದರೆ ನೋಡಿ! ಕಾನೂನು ಏನೇ ಇರಲಿ, ಟಿಕೆಟ್ ಕಂಟ್ರೋಲರ್ ಬರಲಿ, ಇಂಗ್ಲೆಂಡಿನ ರಾಜನೇ ಬರಲಿ."

ದೊಡ್ಡಪ್ಪ ಕೈಕಟ್ಟಿ ಕೂತರು. ಟಿಕೆಟ್ ನೋಡುವವನು ಬಂದ. ಕೆಟ್ಟ ಗಾಡಿಯವರು ಅಂತ ಗೊತ್ತಿದ್ದರಿಂದ ಎಲ್ಲರಿಗೂ ತಲೆಯಾಡಿಸಿ ಮುಂದೆ ಹೋದ. ದಾರಿಯುದ್ದಕ್ಕೂ ಸಮುದ್ರ ಕಾಣುತ್ತಿತ್ತು. ಹುಡುಗನ ಮುಖಕ್ಕೆ ಬಣ್ಣ ಬಂತು, ಗೆಳೆಯರು ಚಕ್ಕುಲಿ ಡಬ್ಬಿ ತೆಗೆದರು.

ಎಡಿನ್‌ಬರೋ ಬಂದಾಗ ವರಪೂಜೆಗೆ ಇನ್ನೂ ಹೊತ್ತಿತ್ತು. ಹುಡುಗಿಯ ಕಡೆಯವರು ಪ್ಲಾಟ್‌ಫಾರ್ಮಿಗೇ ಹೂವಿನ ಹಾರ ತಂದಿದ್ದರು. ಹಾರ ಹಾಕಿದರು, ತಬ್ಬಿಕೊಂಡರು, ಫೋಟೋ ತೆಗೆದರು. ದೊಡ್ಡಮ್ಮ ಬೀಗಿತ್ತಿಯ ಸೀರೆ ಅಂಚು ಹಿಡಿದು ನೋಡುತ್ತಿದ್ದರು. ಬೀಗರು ಕೊನೆಯ ಹಾರ ಕೈಯಲ್ಲಿ ಹಿಡಿದು, "ಎಲ್ಲಿ, ಹಿರಿಯರು ಕಾಣ್ತಿಲ್ಲ?" ಅಂದರು.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಾಡಿಯ ಕಡೆ ತಿರುಗಿದೆವು. ಖಾಲಿ ಬೋಗಿಯಲ್ಲಿ, ಕಿಟಕಿಯ ಪಕ್ಕ, ಕೈಕಟ್ಟಿ, ದೊಡ್ಡಪ್ಪ ನೆಟ್ಟಗೆ ಕೂತಿದ್ದರು.

ನಾನು ಓಡಿ ಒಳಗೆ ಹೋದೆ. "ದೊಡ್ಡಪ್ಪ! ಊರು ಬಂತು, ಏಳಿ!"

ಅವರು ಅಲುಗಲಿಲ್ಲ. ಕಿಟಕಿಯಾಚೆ ಗಲ್ಲಕ್ಕೆ ಕೈ ಹಚ್ಚಿ ನಿಂತಿದ್ದ ಹೆಂಡತಿಯನ್ನು ಕಣ್ಣಲ್ಲೇ ತೋರಿಸಿ ಮೆಲ್ಲಗೆ ಅಂದರು:

"ಅವಳು ಇನ್ನೂ ಹೇಳಿಲ್ಲಪ್ಪ."