ಸಿ.ಡಿ. ಒಳಗಿನ ಮಳೆ

ಕಂಪ್ಯೂಟರ್ ರಿಪೇರಿಗೆ ಕರೆಯುವವರು ಏನು ಕೆಟ್ಟಿದೆ ಅಂತ ಯಾವತ್ತೂ ಹೇಳುವುದಿಲ್ಲ. ಸಕಲೇಶಪುರದಲ್ಲಿ ಅಂಗಡಿ ಇಟ್ಟಾಗಿನಿಂದ ನೋಡುತ್ತಿದ್ದೇನೆ. ಹೆತ್ತೂರು ಕಡೆಯ ಎಸ್ಟೇಟ್ ಸಾಹುಕಾರರೊಬ್ಬರು ಫೋನ್ ಮಾಡಿ, "ಮೇಡಂ, ನಮ್ಮ ಮಳೆ ಒಳಗೆ ಸಿಕ್ಕಾಕಂಡೈತೆ, ಬಂದು ತೆಗ್ದುಕೊಡಿ" ಅಂದರು.

ಎರಡನೇ ಕುರ್ಚಿ

ಹೋಗಿ ವಿಚಾರಿಸಿದೆ. ದಿನಾ ಬೆಳಿಗ್ಗೆ ಮಳೆ ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ ಅಂತ ಕಂಪ್ಯೂಟರಿಗೆ ಹಾಕುವುದು ಅಲ್ಲಿನ ರೈಟರ್, ಅಂದರೆ ತೋಟದ ಗುಮಾಸ್ತರ ಕೆಲಸ. ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟ್ ಅನ್ನುತ್ತಾರೆ. ಆ ಹಳೇ ಕಂಪ್ಯೂಟರ್ ಸತ್ತಿತ್ತು. ಮಳೆಯ ಫೋಲ್ಡರ್ ಉಳಿದಿತ್ತು, ಆದರೆ ಅದರ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಸಾಹುಕಾರರಿಗೆ ಅವಸರ. ಯಾರ ತೋಟಕ್ಕೆ ಮಳೆ ಹೆಚ್ಚು ಅಂತ ಪಕ್ಕದ ತೋಟದವರ ಜೊತೆ ಮದುವೆಮನೆಯಲ್ಲಿ ಪಂಥ ಕಟ್ಟಿದ್ದರು. ಸೋತವರು ಎಲ್ಲರೆದುರು ಒಪ್ಪಿಕೊಂಡು ಕಡುಬಿನ ಊಟ ಹಾಕಬೇಕು. ಪಕ್ಕದವರು ಅವತ್ತೇ ಮಧ್ಯಾಹ್ನ ತಮ್ಮ ಮಳೆ ಪುಸ್ತಕ ತರುವವರಿದ್ದರು.

"ಹೊಸ ಕಂಪ್ಯೂಟರ್ ಒಳಗೇ ಒಂದು ಹಳೇ ಕಂಪ್ಯೂಟರ್ ಮಾಡ್ತೀನಿ. ಅದು ನಿಜವಾಗಿ ಇರಲ್ಲ, ಪರದೆ ಮೇಲೆ ಮಾತ್ರ" ಅಂದೆ.

ಸಾಹುಕಾರರು ಸ್ವಲ್ಪ ಯೋಚಿಸಿದರು. "ರೈಟ್ರೇ, ಎರಡು ಕಂಪ್ಯೂಟರ್ ಆಯ್ತಲ್ಲ, ಸ್ಟೋರಿಂದ ಇನ್ನೊಂದು ಕುರ್ಚಿ ತಗಂಬನ್ನಿ."

ಖಾಲಿ ಕವರ್

ಒಳಗಿನ ಕಂಪ್ಯೂಟರಿಗೆ ಹೊರಗಿನ ಫೋಲ್ಡರ್ ಕಾಣುವುದಿಲ್ಲ. ಫೋಲ್ಡರನ್ನು ಒಂದೇ ಫೈಲಾಗಿ ಕಟ್ಟಿ, ಇದು ಸಿ.ಡಿ. ಅಂತ ಒಳಗಿನ ಕಂಪ್ಯೂಟರನ್ನು ನಂಬಿಸಬೇಕು. ಕಟ್ಟಿ ಮುಗಿಸಿ, "ಸಿ.ಡಿ. ಹಾಕಿದೆ" ಅಂದೆ.

"ಕೈಯಲ್ಲಿ ಏನೂ ಇರ್ಲಿಲ್ಲ ಕಣ್ರೀ" ಅಂದರು ಸಾಹುಕಾರರು.

ನೋಡಿದರೆ ಒಂದು ಫೈಲ್ ಬಿಟ್ಟುಹೋಗಿತ್ತು. ಕಟ್ಟಿದ ಮೇಲೆ ಸೇರಿಸಲು ಬರುವುದಿಲ್ಲ, ಮೊದಲಿಂದ ಕಟ್ಟಬೇಕು. "ಸಿ.ಡಿ. ತೆಗೆದೆ" ಅಂದದ್ದೇ ತಡ, ಸಾಹುಕಾರರು ಡ್ರಾಯರಿನಿಂದ ಒಂದು ಖಾಲಿ ಕವರ್ ತೆಗೆದು ಬಾಯಿ ಅಗಲಿಸಿ ಹಿಡಿದರು. "ಇದ್ರೊಳಕ್ಕೆ ಹಾಕಿ, ಗೀರು ಬಿದ್ದಾತು."

ನಾನೂ ಹಾಕಿದೆ. ಅವರು ಕವರಿನ ಮೇಲೆ 'ಮಳೆ' ಅಂತ ಬರೆದು ಭದ್ರವಾಗಿ ಒಳಗಿಟ್ಟರು.

ರೈಟರ್ ಮಾತ್ರ ಬೆಳಿಗ್ಗೆಯಿಂದ ಬೆವರುತ್ತಲೇ ಇದ್ದರು. "ಹಳೇ ಮಳೆ ತಗಂಡು ಏನ್ಮಾಡ್ತೀರ ಸಾವ್ಕಾರ್ರೇ? ಸುರ್ದು ಹೋಗ್ಬುಡ್ತಲ್ಲ!"

ಪಂಥ

ಪಕ್ಕದ ತೋಟದವರು ಪುಸ್ತಕದ ಜೊತೆ ತಮ್ಮ ರೈಟರನ್ನೂ ಕರೆತಂದರು. ಎರಡನೇ ಸಲ ಕಟ್ಟಿದ ಸಿ.ಡಿ. ಕೆಲಸ ಮಾಡಿತು. ನಾನು ಪರದೆ ನೋಡಿ ಓದಿದೆ, ಅವರು ಪುಸ್ತಕ ನೋಡಿದರು. ಆರು ವರ್ಷದ ಮಳೆ, ಎರಡರಲ್ಲೂ ಒಂದೇ, ಒಂದು ಸೆಂಟ್ ಆಚೀಚೆ ಇಲ್ಲ.

ಸಾಹುಕಾರರು ತಮ್ಮ ರೈಟರ್ ಕಡೆ ತಿರುಗಿದರು.

"ಆರು ವರ್ಷದ ಕೆಳಗೆ ನಮ್ಮ ಮಳೆ ಅಳೆಯೋ ಡಬ್ಬದ ಮೇಲೆ ಮರ ಬಿತ್ತಲ್ಲ... ಅವತ್ತಿಂದ ಅವರ ರೈಟರಿಗೇ ಫೋನ್ ಮಾಡಿ ಕೇಳಿ ಹಾಕ್ತಿದ್ದೆ" ಅಂದರು ರೈಟರ್.

"ಅಂದ್ರೆ ನಮ್ಮ ಮಳೇನೇ ಅಸಲಿ! ಕಡುಬು ಹಾಕು ಮಾರಾಯ" ಅಂತ ಪಕ್ಕದವರು ತೊಡೆ ತಟ್ಟಿದರು.

ಅವರ ರೈಟರ್ ನೆಲ ನೋಡುತ್ತಾ ಬಾಯಿಬಿಟ್ಟರು. "ನಮ್ಮ ಡಬ್ಬದಲ್ಲಿ ಅಮ್ಮಾವ್ರು ಆಂಥೂರಿಯಂ ಹೂವಿನ ಗಿಡ ನೆಟ್ಟವ್ರೆ. ಈ ರೈಟ್ರು ಫೋನ್ ಮಾಡಿ 'ಮೂರು ಇಂಚು ಹತ್ತು ಸೆಂಟ್ ಇರ್ಬೋದಾ' ಅಂದ್ರೆ ನಾನು ಹೂಂ ಅಂತಿದ್ದೆ. ಅದನ್ನೇ ಬರ್ಕತಿದ್ದೆ."

ಸಾಹುಕಾರರು ಎರಡನೇ ಕುರ್ಚಿಯ ಮೇಲೆ ಕುಸಿದು ಕೂತರು. ನಗು ತಡೆಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಕೊನೆಗೆ ಕಡುಬಿನ ಊಟ ಇಬ್ಬರು ರೈಟರೂ ಸೇರಿ ಹಾಕಬೇಕು ಅಂತ ತೀರ್ಮಾನವಾಯಿತು.

"ಎಷ್ಟು ಕಡುಬು ಮಾಡ್ಸೋಣ? ನೂರಿಪ್ಪತ್ತು ಬೇಕಾಗ್ಬೋದಾ?" ಅಂದರು ಸಾಹುಕಾರರ ರೈಟರ್.

"ಹೂಂ" ಅಂದರು ಪಕ್ಕದವರ ರೈಟರ್.